ಸತ್ಯಾಂಶ: ಕೂದಲು ಕಸಿ ಮಾಡಿಸಿದರೆ ಹಿಂದಲೆಯಲ್ಲಿ ಕಲೆ ಉಳಿಯುವುದಿಲ್ಲವೇ?

‘ಎಫ್‌ಯುಇ ವಿಧಾನದಲ್ಲಿ ಕಲೆಯೇ ಇರಲ್ಲ, ಹಿಂದಲೆಯಿಂದ ತೆಗೆದ ಕೂದಲು ಅಲ್ಲೇ ಮತ್ತೆ ಬೆಳೆಯುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎಫ್‌ಯುಇ ಎಂದರೆ ಹಿಂದಲೆಯಲ್ಲಿ ಪುಟ್ಟ ರಂಧ್ರ ಕೊರೆದು, ಕೂದಲನ್ನು ಬುಡಸಮೇತ ಬಿಡಿಬಿಡಿಯಾಗಿ ತೆಗೆಯುವ ಕಸಿ ವಿಧಾನ. ಸಂದೇಶದ ಎರಡೂ ಮಾತು ತಪ್ಪು. ಬುಡಸಮೇತ ತೆಗೆದ ಕೂದಲು ಆ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಸುಮಾರು 1 ಮಿ.ಮೀ. ಅಗಲದ ಪ್ರತಿ ರಂಧ್ರವೂ ವಾಸಿಯಾದ ಮೇಲೆ ಪುಟ್ಟ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಸುತ್ತಲಿನ ಕೂದಲು ಮುಚ್ಚುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ತಲೆ ನುಣ್ಣಗೆ ಬೋಳಿಸಿದರೆ ಕಾಣಬಹುದು. ಚರ್ಮವನ್ನು ಪಟ್ಟಿಯಾಗಿ ಕತ್ತರಿಸುವ ಎಫ್‌ಯುಟಿಯಲ್ಲಿ ಉಳಿಯುವುದು ಉದ್ದ ಗೆರೆ.

ಹಕ್ಕಳೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಉದುರುತ್ತದೆ. ಸುತ್ತಲಿನ ಕೂದಲೂ ಕೆಲವೊಮ್ಮೆ ಉದುರಿ, ಕೆಲವು ತಿಂಗಳಲ್ಲಿ ಮರಳುತ್ತದೆ. ‘ಮತ್ತೆ ಬೆಳೆಯಿತು’ ಎಂಬ ನಂಬಿಕೆ ಹುಟ್ಟಿದ್ದು ಬಹುಶಃ ಇದರಿಂದಲೇ. ನಿಜಕ್ಕೂ ಅಂಜಬೇಕಾದ್ದು ಅತಿಯಾಗಿ ತೆಗೆಯುವುದಕ್ಕೆ. ಒಂದೇ ಕಡೆ ಒತ್ತೊತ್ತಾಗಿ ತೆಗೆದರೆ ಹಿಂದಲೆ ನುಸಿ ತಿಂದ ಬಟ್ಟೆಯಂತೆ ಕಾಣುತ್ತದೆ, ಸರಿಪಡಿಸುವುದೂ ಕಷ್ಟ.