ಸತ್ಯಾಂಶ: ಬದಲಾಗದ ಪಾತ್ರವೆಲ್ಲ ಜಳ್ಳೇ?

‘ಕಥೆ ಮುಗಿಯುವಷ್ಟರಲ್ಲಿ ಬದಲಾಗದ ಪಾತ್ರ ಬರಹಗಾರನ ಸೋಲು’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ನಮ್ಮ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಪುಣ್ಯಕೋಟಿ ಮೊದಲಿನಿಂದ ಕೊನೆಯವರೆಗೂ ಒಂದೇ ಬಗೆ. ಕರುವಿಗೆ ಹಾಲೂಡಿಸಿ, ಅದನ್ನು ಉಳಿದ ಹಸುಗಳಿಗೆ ಒಪ್ಪಿಸಿ, ಕೊಟ್ಟ ಮಾತಿನಂತೆ ಗವಿಯ ಬಾಗಿಲಿಗೆ ತಾನಾಗಿ ಬಂದು ನಿಲ್ಲುತ್ತದೆ. ಬದಲಾಗುವುದು ಹುಲಿ. ಹಸಿದು ಕಾದಿದ್ದ ಅರ್ಬುತನೇ ನೊಂದು ಪ್ರಾಣ ಬಿಡುತ್ತದೆ. ಹಸು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ್ದರೆ ಹುಲಿಯ ಮನಸ್ಸು ಕರಗುವ ಪ್ರಮೇಯವೇ ಬರುತ್ತಿರಲಿಲ್ಲ!

ಬದಲಾಗದ ಪಾತ್ರವನ್ನೂ ಒಂದೇ ಗುಣಕ್ಕೆ ಕಟ್ಟುಬಿದ್ದ ‘ಚಪ್ಪಟೆ’ ಪಾತ್ರವನ್ನೂ ಒಂದೇ ಎಂದುಕೊಳ್ಳುವುದರಿಂದ ಈ ಗೊಂದಲ. ಚಪ್ಪಟೆ, ದುಂಡು (ಹಲವು ಮುಖಗಳಿರುವ ಪಾತ್ರ) ಎಂಬ ವಿಂಗಡಣೆಯನ್ನು 1927ರಲ್ಲಿ ಮುಂದಿಟ್ಟ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಚಪ್ಪಟೆಯವನ್ನೂ ತಳ್ಳಿಹಾಕಲಿಲ್ಲ. ಹತ್ತೊಂಬತ್ತನೇ ಶತಮಾನದ ಕಾದಂಬರಿಕಾರ ಡಿಕನ್ಸ್‌ನ ಪಾತ್ರಗಳು ಬಹುಪಾಲು ಚಪ್ಪಟೆ ಎನ್ನುತ್ತಲೇ ಅವನ ದೊಡ್ಡತನವನ್ನು ಒಪ್ಪಿದರು.