ಸರ್ಕಾರಕ್ಕೆ ಬೀಗ, ಸಂಬಳಕ್ಕಿಲ್ಲ ರಜೆ

ಬೇರೆ ದೇಶಗಳಲ್ಲಿ ಸರ್ಕಾರ ಬೀಳುತ್ತದೆ. ಅಮೆರಿಕದಲ್ಲಿ ಖರ್ಚಿಗೆ ಹಣ ಮಂಜೂರಾಗದಿದ್ದರೆ ಅದು ಮುಚ್ಚುತ್ತದೆ. ಅಂಗಡಿಯ ಶಟರ್ ಎಳೆದ ಹಾಗೆ. 2025ರ ಅಕ್ಟೋಬರ್ 1ರಂದು ಎಳೆದ ಶಟರ್ ಮೇಲೆ ಹೋಗಿದ್ದು ನವೆಂಬರ್ 12ಕ್ಕೆ. ಒಟ್ಟು 43 ದಿನ. ಹಿಂದಿನ ದಾಖಲೆ 35 ದಿನದ್ದು, 2018-19ರಲ್ಲಿ ಆಗಿದ್ದು. ಆಗಲೂ ಅಧ್ಯಕ್ಷರು ಟ್ರಂಪ್ ಅವರೇ. ತಮ್ಮ ದಾಖಲೆಯನ್ನು ತಾವೇ ಮುರಿಯುವುದು ಎಲ್ಲರಿಗೂ ಆಗುವ ಮಾತಲ್ಲ.

ಇದೆಲ್ಲ ಸಂವಿಧಾನದ ಪ್ರಕಾರವೇ ನಡೆಯುತ್ತದಂತೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಅದನ್ನು ಬರೆದವರಿಗೆ ರಾಜರ ಮೇಲೆ ನಂಬಿಕೆ ಇರಲಿಲ್ಲ. ಒಬ್ಬರ ಮೇಲೊಬ್ಬರಿಗೂ ಅಷ್ಟಕ್ಕಷ್ಟೆ. ಅದಕ್ಕೇ ಕಾನೂನು ಮಾಡುವವರು, ಜಾರಿ ಮಾಡುವವರು, ತೀರ್ಪು ಕೊಡುವವರು ಅಂತ ಮೂರು ಪಾಲು ಮಾಡಿದರು. ಒಬ್ಬರ ಅಧಿಕಾರದಾಸೆಗೆ ಇನ್ನೊಬ್ಬರ ಅಧಿಕಾರದಾಸೆಯೇ ಮೂಗುದಾರ ಅನ್ನುವುದು ಬರೆದವರಲ್ಲಿ ಮುಖ್ಯರಾದ ಜೇಮ್ಸ್ ಮ್ಯಾಡಿಸನ್ ಲೆಕ್ಕ. ಖಜಾನೆಯ ಕೀಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸೊಂಟದಲ್ಲಿ. ಅದು ಕಾನೂನು ಮಾಡಿ ಒಪ್ಪದೆ ಒಂದು ಡಾಲರ್ ಕೂಡ ಹೊರಗೆ ಬರುವಂತಿಲ್ಲ. ನಿಯಮ ಚೆನ್ನಾಗಿಯೇ ಇದೆ.

ಆದರೆ ಹಣ ಮಂಜೂರಾಗದಿದ್ದರೆ ಕಚೇರಿಗೆ ಬೀಗ ಹಾಕಿ ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. 1970ರ ದಶಕದಲ್ಲೂ ಬಜೆಟ್ ತಡವಾಗುತ್ತಿತ್ತು, ಕೆಲಸ ಸುಮ್ನೆ ನಡೆದುಕೊಂಡು ಹೋಗುತ್ತಿತ್ತು. 1980ರಲ್ಲಿ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಅಂದರೆ ಅಟಾರ್ನಿ ಜನರಲ್, ಬೆಂಜಮಿನ್ ಸಿವಿಲೆಟ್ಟಿ 1884ರ ಹಳೇ ಕಾಯ್ದೆಯೊಂದನ್ನು ತೆಗೆದು ಓದಿದರು. ಹಣ ಮಂಜೂರಾಗಿಲ್ಲ ಅಂದರೆ ಕೆಲಸ ಮಾಡಿಸುವಂತಿಲ್ಲ ಅಂದರು. ಜೀವ ಮತ್ತು ಆಸ್ತಿ ಕಾಯುವವರಷ್ಟೇ ಇರಲಿ ಅಂತ 1981ರಲ್ಲಿ ಸೇರಿಸಿದರು. ಇದು ಇಷ್ಟು ದಿನ ಎಳೆಯಬಹುದು ಅಂತ ಊಹಿಸಿಯೂ ಇರಲಿಲ್ಲ ಎಂದು ಆಮೇಲೆ ಅವರೇ ಹೇಳಿಕೊಂಡರು. ಪಾಪ, ರಾಜಕಾರಣಿಗಳಿಗೆ ನಾಚಿಕೆ ಇರುತ್ತದೆ ಅಂದುಕೊಂಡಿದ್ದರೋ ಏನೋ.

ಕಾಂಗ್ರೆಸ್ಸಿಗೆ ಟೈಮ್ ಸಾಲುತ್ತಿಲ್ಲ ಅಂತ 1970ರ ದಶಕದಲ್ಲೇ ಹಣಕಾಸು ವರ್ಷದ ಆರಂಭವನ್ನು ಜುಲೈಯಿಂದ ಅಕ್ಟೋಬರ್‌ಗೆ ತಳ್ಳಿದ್ದರು. ಮೂರು ತಿಂಗಳು ಜಾಸ್ತಿ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಖರ್ಚಿನ ಮಸೂದೆಗಳೆಲ್ಲ ಹೊತ್ತಿಗೆ ಸರಿಯಾಗಿ ಪಾಸಾಗಿದ್ದು ನಾಲ್ಕೇ ಸಲ. ಕೊನೆಯ ಸಲ 1996ರಲ್ಲಿ.

ಬಹುಮತ ಇದ್ದರೆ ಆಯಿತಲ್ಲ ಅನ್ನಬೇಡಿ. ಸೆನೆಟ್‌ನಲ್ಲಿ (ಅಂದರೆ ಮೇಲ್ಮನೆಯಲ್ಲಿ) ಇರುವವರು 100 ಜನ. ಆಳುವ ಪಕ್ಷದವರು 53. ಸಾಲದು, ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು. ಈ 60 ಕೂಡ ಸಂವಿಧಾನದಲ್ಲಿಲ್ಲ, ಸೆನೆಟ್ ತನಗೆ ತಾನೇ ಮಾಡಿಕೊಂಡ ನಿಯಮ. ಹಾಗಾಗಿ ಹಣ ಮಂಜೂರು ಮಾಡುವ ಒಂದೇ ಮಸೂದೆ 14 ಸಲ ಬಂತು, 14 ಸಲವೂ ಬಿತ್ತು. ಕೆಳಮನೆ ಮಾತ್ರ ಜಾಣ. ಸೆಪ್ಟೆಂಬರ್ 19ಕ್ಕೆ ಮತ ಹಾಕಿ ಎದ್ದುಹೋದದ್ದು, ಮತ್ತೆ ಮತ ಹಾಕಿದ್ದು ನವೆಂಬರ್ 12ಕ್ಕೇ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸು ನೌಕರ. ಅವನಲ್ಲಿ ಎರಡು ಜಾತಿ. 'ಅಗತ್ಯ' ನೌಕರ ಸಂಬಳವಿಲ್ಲದೆ ದುಡಿಯಬೇಕು. 'ಅಗತ್ಯವಲ್ಲದ' ನೌಕರ ಸಂಬಳವಿಲ್ಲದೆ ಮನೆಯಲ್ಲಿರಬೇಕು. ಶಟರ್ ಎತ್ತಿದ ಮೇಲೆ ಇಬ್ಬರಿಗೂ ಬಾಕಿ ಕೊಡಬೇಕು ಅಂತ 2019ರಲ್ಲಿ ಕಾನೂನೇ ಬಂದಿದೆ. ಅಂದರೆ ಹಣ ಇಲ್ಲ ಅಂತ ಕೆಲಸ ನಿಲ್ಲಿಸಿ, ಮಾಡದ ಕೆಲಸಕ್ಕೆ ಆಮೇಲೆ ಹಣ ಕೊಡುವುದು. ಉಳಿತಾಯ ಅಂದರೆ ಇದಪ್ಪಾ!

2013ರಲ್ಲಿ ವಾಷಿಂಗ್ಟನ್ ಮೃಗಾಲಯದ ಪಾಂಡಾ ಕ್ಯಾಮೆರಾವನ್ನೂ ಆರಿಸಿದ್ದರು. ಪಾಂಡಾ ತನ್ನ ಪಾಡಿಗೆ ಬಿದಿರು ಜಗಿಯುತ್ತಿತ್ತು, ಜನ ನೋಡುವುದಷ್ಟೇ ಅನಗತ್ಯವಾಗಿತ್ತು. 2018-19ರಲ್ಲಿ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನವನ್ನು ತೆರೆದೇ ಇಟ್ಟು ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಶೌಚಾಲಯ ತುಂಬಿ ತುಳುಕಿತು, ಜನ ಗಾಡಿಗಳನ್ನು ಮರುಭೂಮಿಗೇ ನುಗ್ಗಿಸಿದರು, ಯಾವ ಮರ ಕಾಯಲು ಆ ಉದ್ಯಾನ ಇದೆಯೋ ಅದೇ ಮರಗಳು ಉರುಳಿದವು. 2025ರಲ್ಲಂತೂ ಸಂಬಳವಿಲ್ಲದೆ ದಣಿದ ವಿಮಾನ ನಿಯಂತ್ರಕರ ಕೊರತೆಯಾಗಿ, 40 ದೊಡ್ಡ ನಿಲ್ದಾಣಗಳಲ್ಲಿ ಹಾರಾಟವನ್ನೇ ಕಡಿಮೆ ಮಾಡಬೇಕಾಯಿತು. ನಮ್ಮ ಬೆಂಗಳೂರಿನ ಹುಡುಗರಿಗೂ ಬಿಸಿ ತಟ್ಟಿತು. ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾ ಅರ್ಜಿಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ ಅಕ್ಟೋಬರ್ ಪೂರ್ತಿ ಸಿಗಲಿಲ್ಲ.

ನಮ್ಮವರೇನು ಸಾಚಾ ಅಲ್ಲ. ಆದರೆ ಬಜೆಟ್ ತಡವಾದರೆ ಅಲ್ಲಿಯವರೆಗಿನ ಖರ್ಚಿಗೆ ಮುಂಗಡ ಒಪ್ಪಿಗೆ ಕೊಡುವ ಲೇಖಾನುದಾನ ಅಂತ ಒಂದು ದಾರಿ ಇದೆ. ಲೋಕಸಭೆ ಹಣ ಕೊಡಲ್ಲ ಅಂದರೆ ನಮ್ಮಲ್ಲಿ ಮನೆಗೆ ಹೋಗುವುದು ಮಂತ್ರಿ. ಅಲ್ಲಿ ಗುಮಾಸ್ತ.

ಇನ್ನು ಜಗಳ ಆಡಿದವರ ಸಂಬಳ? ವರ್ಷಕ್ಕೆ 1,74,000 ಡಾಲರ್. ಒಂದು ದಿನವೂ ನಿಲ್ಲುವುದಿಲ್ಲ, ಯಾಕೆಂದರೆ ಅದನ್ನು ಕೊಡಲೇಬೇಕು ಅಂತ ಸಂವಿಧಾನದಲ್ಲಿದೆ. ಮೇಲಿಂದ 27ನೇ ತಿದ್ದುಪಡಿಯೊಂದಿದೆ. ಚುನಾವಣೆ ಆಗುವವರೆಗೆ ಸದಸ್ಯರ ಸಂಬಳದ ಬದಲಾವಣೆ ಜಾರಿಗೆ ಬರುವಂತಿಲ್ಲ. ಇವರು ಸಂಬಳ ಏರಿಸಿಕೊಂಡಾರು ಅನ್ನುವ ಭಯಕ್ಕೆ 1789ರಲ್ಲಿ ಇದನ್ನು ತಂದವರೂ ಅದೇ ಮ್ಯಾಡಿಸನ್. ರಾಜ್ಯಗಳು ಒಪ್ಪಿ ಮುಗಿಸಿದ್ದು 1992ರಲ್ಲಿ! ಟೆಕ್ಸಾಸ್‌ನ ಒಬ್ಬ ವಿದ್ಯಾರ್ಥಿ ಇದು ಇನ್ನೂ ಜೀವಂತವಾಗಿದೆ ಅಂತ 1982ರಲ್ಲಿ ಪ್ರಬಂಧ ಬರೆದು, ಸಿ ಗ್ರೇಡ್ ಪಡೆದು, ಸಿಟ್ಟಿಗೆ ರಾಜ್ಯ ರಾಜ್ಯಕ್ಕೂ ಪತ್ರ ಬರೆದದ್ದರಿಂದ ಆದ ಕೆಲಸ ಅದು. ಏರಿಸಬಾರದು ಅಂತ ಮಾಡಿದ್ದು ಈಗ ಕಡಿತಕ್ಕೂ ಅಡ್ಡ ನಿಂತಿದೆ. ಕೆಲವು ಸದಸ್ಯರು ಮುಜುಗರಪಟ್ಟು, ನಮ್ಮ ಸಂಬಳ ಸದ್ಯಕ್ಕೆ ಎತ್ತಿಡಿ ಅಂತ ಪತ್ರ ಬರೆದರು. ಎತ್ತಿಡಿ ಅಂದರು, ಬೇಡ ಅನ್ನಲಿಲ್ಲ.

ಕೊನೆಗೆ ನವೆಂಬರ್‌ನಲ್ಲಿ ಬಾಗಿಲು ತೆರೆಯುವ ಮಸೂದೆ ಬಂತು. ಅದರೊಳಗೆ ಸೆನೆಟ್‌ನವರು ಮೆಲ್ಲಗೆ ಒಂದು ಸಾಲು ಸೇರಿಸಿದ್ದರು. ತಮಗೆ ತಿಳಿಸದೆ ತನಿಖೆಯವರು ಫೋನ್ ದಾಖಲೆ ತೆಗೆದಿದ್ದರೆ, ಸೆನೆಟರ್ ಸರ್ಕಾರದ ಮೇಲೇ ಕೇಸು ಹಾಕಬಹುದು ಅಂತ ಅದರಲ್ಲಿತ್ತು. ಗೆದ್ದರೆ ಒಂದೊಂದು ಸಲಕ್ಕೂ ಕನಿಷ್ಠ 5 ಲಕ್ಷ ಡಾಲರ್. ಇದನ್ನು ಕಂಡ ಕೆಳಮನೆ ಕೆಂಡವಾಯಿತು. ಒಂದೇ ವಾರದಲ್ಲಿ, ಎರಡೂ ಪಕ್ಷ ಕೈಜೋಡಿಸಿ, ಆ ಸಾಲು ರದ್ದಾಗಲಿ ಅಂತ ಮತ ಹಾಕಿತು. 426-0. ಆ 5 ಲಕ್ಷ ಬರೀ ಸೆನೆಟರ್‌ಗಳಿಗೆ ತಾನೇ ಇದ್ದದ್ದು?