ಬರುತ್ತದೋ ಇಲ್ಲವೋ, ಅದನ್ನಾದರೂ ಹೇಳಲಿ

ನಿನ್ನೆ ಸಂಜೆ ಶಟರ್ ಎಳೆಯುವ ಹೊತ್ತಿಗೆ ನಮ್ಮ ಗ್ಯಾರೇಜಿನ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಅಣ್ಣಾ, ಪೋರ್ಷೆಯವರೇ ಕರೆಂಟ್ ಕಾರಿಂದ ಹಿಂದೆ ಸರಿತಿದ್ದಾರಂತೆ. ಮತ್ತೆ ನಾನು ಬ್ಯಾಟರಿ ಕೆಲಸ ಕಲಿತು ಎಂತ ಮಾಡುದು?"

ಅವನಿಗೆ ಇಪ್ಪತ್ತು ವರ್ಷ. ಕುಂಬಳೆಯಲ್ಲಿ ನನ್ನ ಜೊತೆ ಎರಡು ವರ್ಷದಿಂದ ಇದ್ದಾನೆ. ಇವಿ, ಅಂದರೆ ಕರೆಂಟ್ ಗಾಡಿ, ರಿಪೇರಿಯ ಕೋರ್ಸಿಗೆ ಸೇರಬೇಕು ಅಂತ ತಿಂಗಳುಗಳಿಂದ ದುಡ್ಡು ಕೂಡಿಡುತ್ತಿದ್ದಾನೆ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ರಾತ್ರಿ ಊಟ ಮುಗಿಸಿ ಇದನ್ನು ಬರೆಯಲು ಕೂತಿದ್ದೇನೆ.

ಕಾಸರಗೋಡಿನ ಗ್ಯಾರೇಜಿನವನಿಗೆ ಜರ್ಮನಿಯ ದುಬಾರಿ ಸ್ಪೋರ್ಟ್ಸ್ ಕಾರು ಕಂಪನಿ ಪೋರ್ಷೆಯ ಚಿಂತೆ ಯಾಕೆ ಅಂತ ಅನಿಸಬಹುದು. ನಮ್ಮ ಕಡೆಯ ತುಂಬಾ ಜನರ ಹಾಗೆ ನಾನೂ ಗಲ್ಫಿನಲ್ಲಿ ದುಡಿದವನು. ಶಾರ್ಜಾದಲ್ಲಿ ಒಂಬತ್ತು ವರ್ಷ. ಅಲ್ಲೇ ಮೊದಲ ಸಲ ಪೋರ್ಷೆಯ ಬಾಕ್ಸ್‌ಸ್ಟರ್ ಕಾರಿನ ಅಡಿಗೆ ಹೋಗಿ ನಿಂತದ್ದು. ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ. ಭಾರವೆಲ್ಲ ನಡುವಿನಲ್ಲಿ. ರಿಪೇರಿ ಮುಗಿದ ಮೇಲೆ ಒಂದು ಸುತ್ತು ಓಡಿಸಿ ನೋಡಬೇಕಿತ್ತು. ತಿರುವಿನಲ್ಲಿ ಕಾರು ನಮ್ಮ ಸೊಂಟವನ್ನೇ ಹಿಡಿದು ತಿರುಗಿದ ಹಾಗೆ ಇತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

1990ರ ದಶಕದ ಶುರುವಿನಲ್ಲಿ ಪೋರ್ಷೆ ಕಂಪನಿ ದೊಡ್ಡ ಕಷ್ಟದಲ್ಲಿತ್ತು. 1993ರಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಬಾಕ್ಸ್‌ಸ್ಟರ್ ಮಾದರಿ ತೋರಿಸಿದರು. 1996ರಲ್ಲಿ ಕಾರು ಬಂತು. ಕಂಪನಿ ಮತ್ತೆ ಎದ್ದು ನಿಂತದ್ದರಲ್ಲಿ ಅದರ ಪಾಲು ದೊಡ್ಡದು. ಆಮೇಲೆ 718 ಎಂಬ ಹೆಸರು ಪಡೆದ ಬಾಕ್ಸ್‌ಸ್ಟರ್, ಅದರ ಮುಚ್ಚಿದ ಮಾಡಿನ ಜೋಡಿ ಕೇಮನ್ ಎರಡೂ ಆ ಮನೆತನದವೇ.

2022ರಲ್ಲಿ ಕಂಪನಿ ಒಂದು ಮಾತು ಕೊಟ್ಟಿತು. ದಶಕದ ನಡುವಿನ ಹೊತ್ತಿಗೆ 718 ಬರೀ ಎಲೆಕ್ಟ್ರಿಕ್. 2030ಕ್ಕೆ ಮಾರುವ ಕಾರುಗಳಲ್ಲಿ 80%ಕ್ಕಿಂತ ಜಾಸ್ತಿ ಎಲೆಕ್ಟ್ರಿಕ್. ನಾನು ನಂಬಿದೆ, ಖುಷಿಯೂ ಪಟ್ಟೆ. 2024ರಲ್ಲಿ ಆ 80% ಗ್ರಾಹಕರ ಬೇಡಿಕೆಯ ಮೇಲೆ ನಿಂತಿದೆ ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ ದೊಡ್ಡ ತಿರುವು. ಮುಂದಿನ ದಶಕಕ್ಕೆಂದು ಯೋಜಿಸಿದ್ದ ಹೊಸ ಇವಿ ಪ್ಲಾಟ್‌ಫಾರ್ಮ್, ಅಂದರೆ ಹಲವು ಕಾರುಗಳಿಗೆ ಒಂದೇ ಅಡಿಪಾಯ, ಮುಂದಕ್ಕೆ ಹೋಯಿತು. ಎಲೆಕ್ಟ್ರಿಕ್ ಅಂದಿದ್ದ ದೊಡ್ಡ ಎಸ್‌ಯುವಿ ಮೊದಲು ಪೆಟ್ರೋಲ್ ಮತ್ತು ಹೈಬ್ರಿಡ್ ಆಗಿ ಬರಲಿದೆಯಂತೆ. 718ರ ದುಬಾರಿ ಮಾದರಿಗಳಿಗೂ ಪೆಟ್ರೋಲ್ ಎಂಜಿನ್ ಇರುತ್ತದಂತೆ. ಈ ಬದಲಾವಣೆಯಿಂದ ಆ ವರ್ಷದ ಲಾಭಕ್ಕೆ 180 ಕೋಟಿ ಯೂರೋವರೆಗೆ ಹೊಡೆತ ಅಂತ ಅವರೇ ಹೇಳಿದರು.

ಅಕ್ಟೋಬರ್‌ನಲ್ಲಿ ಹಳೆಯ ಪೆಟ್ರೋಲ್ 718 ಕಟ್ಟುವುದೂ ನಿಂತಿತು. ಹಳೆಯದು ನಿಂತಿದೆ, ಹೊಸದು ಬಂದಿಲ್ಲ. ನನಗೆ ಬೇಸರ ಇದರ ಬಗ್ಗೆಯೇ.

ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಚೀನಾದಲ್ಲಿ 2021ರಲ್ಲಿ 95,671 ಕಾರು ಮಾರಿದ್ದರು, 2024ಕ್ಕೆ 56,887ಕ್ಕೆ ಇಳಿಯಿತು. ಅವರ ಎಲೆಕ್ಟ್ರಿಕ್ ಕಾರು ಟೈಕಾನ್‌ನ ಮಾರಾಟ 2024ರಲ್ಲಿ ಹೆಚ್ಚುಕಡಿಮೆ ಅರ್ಧವಾಯಿತು. ಅಮೆರಿಕದಲ್ಲಿ ಅವರಿಗೆ ಕಾರ್ಖಾನೆಯೇ ಇಲ್ಲ, ಹಾಗಾಗಿ ಅಲ್ಲಿನ ಸುಂಕ ನೇರ ತಲೆಗೆ. ಎಲೆಕ್ಟ್ರಿಕ್ 718ಕ್ಕೆ ಬ್ಯಾಟರಿಯ ಸೆಲ್ ಕೊಡಬೇಕಾಗಿದ್ದುದು ನಾರ್ತ್‌ವೋಲ್ಟ್ ಎಂದು ವರದಿಯಾಗಿತ್ತು. ಆ ಸ್ವೀಡನ್ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಪೋರ್ಷೆಯದ್ದೇ ಆದ ಸೆಲ್‌ಫೋರ್ಸ್ ಸ್ವಂತ ಸೆಲ್ ತಯಾರಿಸುವ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ಸೆಲ್ ಮಾಡುವುದನ್ನು ಕಲಿತಿದ್ದ ಮಕ್ಕಳ ಗತಿ ಏನು? ನನ್ನ ಹುಡುಗ ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಿರಬೇಕು.

ಆದರೆ ಎಲೆಕ್ಟ್ರಿಕ್‌ಗೆಂದು ಹುಟ್ಟಿದ ಹೊಸ 718ಕ್ಕೆ ಈಗ ಪೆಟ್ರೋಲ್ ಎಂಜಿನ್ ಕೂರಿಸುತ್ತಾರೆ ಎಂದಾದರೆ, ಅದು ನನಗೆ ಸರಿ ಕಾಣುವುದಿಲ್ಲ. ಇವಿಗಳಲ್ಲಿ ಬ್ಯಾಟರಿ ಪೆಟ್ಟಿಗೆ ಸುಮ್ನೆ ಒಂದು ಡಬ್ಬ ಅಲ್ಲ. ಎಷ್ಟೋ ಕಾರುಗಳಲ್ಲಿ ಬಾಡಿಯ ಗಟ್ಟಿತನಕ್ಕೂ ಅದೇ ಆಧಾರ. ಅದನ್ನು ತೆಗೆದರೆ ಆ ಬಲ ಬೇರೆ ಎಲ್ಲಿಂದಲಾದರೂ ಬರಬೇಕು. ಮತ್ತೆ ಪೆಟ್ರೋಲ್ ಟ್ಯಾಂಕಿಗೆ ಜಾಗ, ಸೈಲೆನ್ಸರ್ ಹೋಗಲು ದಾರಿ, ಎಂಜಿನ್ನಿಗೆ ಗಾಳಿ. ಗ್ಯಾಸ್ ಸ್ಟವ್‌ಗೆಂದು ಅಡುಗೆಮನೆ ಕಟ್ಟಿ ಆಮೇಲೆ ಸೌದೆ ಒಲೆ ಹಾಕಿ ಅಂದರೆ ಹೊಗೆ ಎಲ್ಲಿ ಹೋಗಬೇಕು? ಮಾಡಬಹುದು, ಆದರೆ ಗೋಡೆ ಒಡೆಯಬೇಕು.

ಸಣ್ಣ ಸ್ಪೋರ್ಟ್ಸ್ ಕಾರನ್ನು ಎಲೆಕ್ಟ್ರಿಕ್ ಮಾಡುವುದು ನಿಜಕ್ಕೂ ಕಷ್ಟ. ಟೈಕಾನ್ ಎರಡು ಟನ್ ದಾಟುತ್ತದೆ. ಪೆಟ್ರೋಲ್ ಕೇಮನ್ 1,400 ಕಿಲೋದೊಳಗೆ ಇತ್ತು. ಬ್ಯಾಟರಿಯನ್ನು ಸೀಟಿನ ಅಡಿಗೆ ಹಾಸಿದರೆ ಕೂರುವ ಎತ್ತರ ಏರುತ್ತದೆ, ನೆಲಕ್ಕೆ ಅಂಟಿ ಕೂತ ಆ ಸುಖ ಹೋಗುತ್ತದೆ. ಇದಕ್ಕೆ ಪೋರ್ಷೆ ಎಂಜಿನಿಯರುಗಳೇ ದಾರಿ ಹುಡುಕಿದ್ದರು. 2021ರಲ್ಲಿ ಮ್ಯೂನಿಕ್‌ನಲ್ಲಿ ತೋರಿಸಿದ ಮಿಷನ್ ಆರ್ ರೇಸ್ ಕಾರಿನಲ್ಲಿ ಬ್ಯಾಟರಿಯನ್ನು ಚಾಲಕನ ಬೆನ್ನ ಹಿಂದೆ ಇಟ್ಟರು, ಎಂಜಿನ್ ಇದ್ದ ಜಾಗದಲ್ಲೇ. ಆ ಚಿತ್ರ ನೋಡಿದ ದಿನ ಇದನ್ನು ಇವರು ಮಾಡಿಯೇ ಮಾಡುತ್ತಾರೆ ಅಂತ ನನಗೆ ಗಟ್ಟಿಯಾಗಿ ಅನಿಸಿತ್ತು. ಅಷ್ಟು ದೂರ ಬಂದವರು ಈಗ ಅರ್ಧ ದಾರಿಯಲ್ಲಿ ನಿಲ್ಲಬಾರದು. ತಡವಾದರೂ ಪರವಾಗಿಲ್ಲ, ಪೂರ್ತಿ ಎಲೆಕ್ಟ್ರಿಕ್ ಆಗಿಯೇ ಬರಲಿ.

ಇವಿಯನ್ನು ಯಾರೂ ಕೊಳ್ಳುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. 2025ರ ಮೊದಲ ಆರು ತಿಂಗಳಲ್ಲಿ ಮಾರಾಟವಾದ ಪೋರ್ಷೆಯ ಮಕಾನ್ ಎಸ್‌ಯುವಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆಕ್ಟ್ರಿಕ್. ಯುರೋಪಿನಲ್ಲಿ ಪೆಟ್ರೋಲ್ ಮಕಾನ್ ಆಗಲೇ ನಿಂತಿತ್ತು, ಅದೂ ಒಂದು ಕಾರಣ. ಆದರೂ ಜನ ಕೊಂಡರು ಅಲ್ವಾ.

2026ರ ಜನವರಿಯಿಂದ ಮೈಕೆಲ್ ಲೈಟರ್ಸ್ ಪೋರ್ಷೆಯ ಮುಖ್ಯಸ್ಥರು. ಮೆಕ್‌ಲಾರೆನ್ ನಡೆಸಿದವರು, ಫೆರಾರಿಯ ತಾಂತ್ರಿಕ ವಿಭಾಗ ನೋಡಿಕೊಂಡವರು. ಅವರಿಂದ ನನಗೆ ಬೇಕಾದದ್ದು ಇಷ್ಟೇ: ಎಲೆಕ್ಟ್ರಿಕ್ 718 ಬರುತ್ತದೋ ಇಲ್ಲವೋ, ಬಂದರೆ ಯಾವ ವರ್ಷ, ಸ್ಪಷ್ಟವಾಗಿ ಹೇಳಲಿ. ಬರುವುದಿಲ್ಲ ಅಂದರೆ ನನಗೆ ನೋವಾಗುತ್ತದೆ. ಆದರೂ ಅದನ್ನು ನಂಬಿ ಕೂತ ಕೆಲಸಗಾರರು, ಬಿಡಿಭಾಗ ಮಾಡುವವರು ತಮ್ಮ ದಾರಿ ನೋಡಿಕೊಳ್ಳಬಹುದು.

ಇವತ್ತು ಬೆಳಿಗ್ಗೆ ಹುಡುಗನಿಗೆ ರಸ್ತೆ ತೋರಿಸಿದೆ. "ಅರ್ಧ ಗಂಟೆಯಲ್ಲಿ ಎಷ್ಟು ಕರೆಂಟ್ ರಿಕ್ಷಾ, ಎಷ್ಟು ಕರೆಂಟ್ ಸ್ಕೂಟರ್ ಹೋಗ್ತದೆ ಲೆಕ್ಕ ಹಾಕು" ಅಂದೆ. ಆಟೋ ಚಾರ್ಜ್ ಮಾಡಲು ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರು ಕಂಬಗಳಲ್ಲೇ ಪಾಯಿಂಟ್ ಕೊಟ್ಟಿದ್ದಾರೆ. ಅವನ ಗಿರಾಕಿಗಳು ಇವರು, ಜರ್ಮನಿಯವರಲ್ಲ. ಪೋರ್ಷೆಯ ಹಳೆಯ ಕಥೆಯನ್ನೂ ಹೇಳಿದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಫರ್ಡಿನಾಂಡ್ ಪೋರ್ಷೆ ಅವರ ಗಾಡಿ ಇತ್ತು, ಚಕ್ರದೊಳಗೇ ಮೋಟಾರ್ ಇಟ್ಟ ಕರೆಂಟ್ ಗಾಡಿ. ಆಗ ಅವರಿಗೆ 24 ವರ್ಷ.

"ನನಗಿಂತ ನಾಲ್ಕೇ ವರ್ಷ ದೊಡ್ಡವರಾ?" ಅಂದ. ಕೋರ್ಸಿನ ಮೊದಲ ಕಂತು ನಾನು ಕೊಡುತ್ತೇನೆ ಅಂದಿದ್ದೇನೆ. ಸೋಮವಾರ ಇಬ್ಬರೂ ಹೋಗಿ ಹೆಸರು ಬರೆಸಿ ಬರುತ್ತೇವೆ.